ಬರೆದಷ್ಟನ್ನೇ ಮಾಡುತ್ತಿದ್ದ ಮೇಷ್ಟ್ರು

ನಾನು ಅವರನ್ನು ಮೊದಲ ಸಲ ನೋಡಿದಾಗ ಅವರ ಎರಡೂ ಕೈಗಳು ನೆಟ್ಟಗೆ ಆಕಾಶಕ್ಕೆ ಚಾಚಿದ್ದವು. ಖಾಕಿ ಚಡ್ಡಿ, ತೋಳಿಲ್ಲದ ಬನಿಯನ್, ನರೆತ ಮೀಸೆ. ತೋಳುಗಳ ಒಳಮೈಯಲ್ಲಿ ನರಗಳು ಎದ್ದು ಸಣ್ಣಗೆ ಅದುರುತ್ತಿದ್ದವು. ಅವರ ಹೆಂಡತಿ ಪಕ್ಕದಲ್ಲಿ ನಿಂತು ಕಾಫಿ ಲೋಟವನ್ನು ಅವರ ಬಾಯಿಗೆ ಹಿಡಿದಿದ್ದರು.

“ಬಾಯಿ ಬಿಡ್ರೀ, ಆರಿಹೋಗತ್ತೆ.”

“ಬಿಡ್ತೀನಿ. ಬಾಯಿ ವಿಚಾರ ಅವನೇನೂ ಬರೆದಿಲ್ಲ,” ಎಂದು ಅವರು ಕುಡಿದರು.

ಮೆಟ್ಟಿಲ ಮೇಲೆ ಮಾರೇನಹಳ್ಳಿಯ ಒಬ್ಬ ದಪ್ಪ ಹುಡುಗ ತಲೆಯ ಮೇಲೆ ಕೈಹೊತ್ತು ಕೂತಿದ್ದ. ನನ್ನ ಹಾಗೆಯೇ ಪರೀಕ್ಷೆಗೆ ಕಟ್ಟಿದವನು. “ಸಾರ್, ಕೈ ಇಳಿಸಿ ಸಾರ್. ಬೀದಿಯೋರೆಲ್ಲಾ ನೋಡ್ತಾ ಇದಾರೆ. ನನ್ನ ಮಾನ ಹೋಗ್ತಾ ಇದೆ.”

“ಇಳಿಸು ಅಂತ ಎಲ್ಲಿ ಬರ್ದಿದೀಯೋ? ತೋರ್ಸು.”

ಹುಡುಗ ತನ್ನ ಉತ್ತರದ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ‘ಕೈಗಳನ್ನು ತಲೆಯ ಮೇಲಕ್ಕೆ ಎತ್ತಬೇಕು. ಇದರಿಂದ ಭುಜದ ಸ್ನಾಯುಗಳು ಬಲಗೊಳ್ಳುತ್ತವೆ’ ಎಂಬಲ್ಲಿಗೆ ಉತ್ತರ ಮುಗಿದಿತ್ತು.

“ಬಲಗೊಂಡು ಅರ್ಧ ಗಂಟೆ ಆಯ್ತು ಕಣೋ,” ಎಂದರು ಮೇಷ್ಟ್ರು.

ಅವನು ಪೆನ್ಸಿಲಿನಿಂದ ಒಂದು ಸಾಲು ಸೇರಿಸಿದ. ಅದನ್ನು ಜೋರಾಗಿ ಓದಿದ ಮೇಲೆಯೇ ಅವರು ಕೈ ಇಳಿಸಿದ್ದು. ಇಳಿಸಿದ ಮೇಲೆ ಎರಡು ನಿಮಿಷ ಬೆರಳು ಮಡಿಸಲು ಆಗದೆ, ನಗುತ್ತಲೇ ನನ್ನ ಕಡೆ ತಿರುಗಿ, “ನೀನೇನಮ್ಮ ಬರ್ಕೊಂಡು ಬಂದಿರೋದು?” ಎಂದರು.

ಐವತ್ತರ ದಶಕದ ನಡುಭಾಗ. ರಾಜಾಜಿನಗರದ ಆ ಸಾಲಿನಲ್ಲಿ ಆಗ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಅವರ ಮನೆಗೆ ಇನ್ನೂ ಕಾಂಪೌಂಡು ಇರಲಿಲ್ಲ. ಅಂಗಳದಲ್ಲಿ ನಡೆಯುವುದೆಲ್ಲ ರಸ್ತೆಗೆ ಕಾಣುತ್ತಿತ್ತು. ಅವರು ಸರ್ಕಾರಿ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾಗಿದ್ದರು. ವ್ಯಾಯಾಮ ಶಿಕ್ಷಕರ ಪರೀಕ್ಷೆಯ ಥಿಯರಿ ಉತ್ತರಪತ್ರಿಕೆಗಳನ್ನು ಬಹಳ ವರ್ಷ ತಿದ್ದಿ, ಯಾಕೋ ಒಂದು ವರ್ಷ ಅದನ್ನು ಬಿಟ್ಟುಬಿಟ್ಟಿದ್ದರು. ಈಗ ಥಿಯರಿಯಲ್ಲಿ ಫೇಲಾದವರಿಗೆ ಸಂಜೆ ಹೊತ್ತು ಉತ್ತರ ಬರೆಯುವುದನ್ನು ಹೇಳಿಕೊಡುತ್ತಿದ್ದರು.

ನಾನು ಹುಡುಗಿಯರ ಮಿಡ್ಲ್ ಸ್ಕೂಲಿನಲ್ಲಿ ತಾತ್ಕಾಲಿಕ ಡ್ರಿಲ್ ಟೀಚರು. ಮೈದಾನದ ಪರೀಕ್ಷೆಯಲ್ಲಿ ನನಗೇ ಹೆಚ್ಚು ನಂಬರು ಬಂದಿತ್ತು, ಥಿಯರಿಯಲ್ಲಿ ಫೇಲು. “ಈ ಸಲ ಪಾಸಾಗು. ಇಲ್ಲದಿದ್ರೆ ಆ ಜಾಗಕ್ಕೆ ಬೇರೆಯೋರು ಬರ್ತಾರೆ, ನನ್ನ ಕೈಲಿ ಏನೂ ಇಲ್ಲ,” ಎಂದಿದ್ದರು ಹೆಡ್‌ಮಿಸ್ಟ್ರೆಸ್. ಮನೆಯಲ್ಲಿ ಅಮ್ಮ, ಇಬ್ಬರು ತಂಗಿಯರು, ದುಡಿಯುವವಳು ನಾನೊಬ್ಬಳೇ. ಆ ಕೆಲಸ ಹೋದರೆ ಮುಂದೇನು ಎಂಬುದನ್ನು ನಾವು ಮನೆಯಲ್ಲಿ ಮಾತಾಡುತ್ತಲೇ ಇರಲಿಲ್ಲ.

ಮೇಷ್ಟ್ರ ಕ್ರಮ ಒಂದೇ. ಉತ್ತರವನ್ನು ಅವರು ಓದುತ್ತಿರಲಿಲ್ಲ. ಬರೆದವರೇ ನಿಂತು ಓದಬೇಕು. ಅವರು ಅಂಗಳದಲ್ಲಿ ನಿಂತು, ಕೇಳಿದಷ್ಟನ್ನೇ ಮಾಡುತ್ತಿದ್ದರು. ಹೇಳಿದ್ದಕ್ಕಿಂತ ಒಂದು ಗೇಣು ಹೆಚ್ಚಿಲ್ಲ, ಕಡಿಮೆಯಿಲ್ಲ. ಬಸ್ಕಿಯ ಬಗ್ಗೆ ಒಬ್ಬರು ‘ಕುಳಿತು ಏಳಬೇಕು’ ಎಂದು ಬರೆದರೆ ಅವರು ಜಗುಲಿಯ ಮೇಲೆ ಆರಾಮಾಗಿ ಕೂತು, ಎದ್ದು, “ಆಯ್ತು, ಮುಂದೆ?” ಎನ್ನುತ್ತಿದ್ದರು. ನಾವೆಲ್ಲ ಉತ್ತರದ ಮೊದಲಿಗೆ ‘ಆರೋಗ್ಯವೇ ಭಾಗ್ಯ’ ಎಂದು ಬರೆಯುವುದು ರೂಢಿ. ನಾನೂ ಹಾಗೇ ಶುರು ಮಾಡಿದೆ. ಅವರು ಅಟೆನ್ಷನ್ನಿನಲ್ಲಿ ನಿಂತು ಸ್ವಲ್ಪ ಹೊತ್ತು ಕಾದು, “ಇದನ್ನ ಹೇಗಮ್ಮ ಮಾಡ್ಲಿ? ಎಡಗಾಲು ಮೊದಲೋ ಬಲಗಾಲು ಮೊದಲೋ?” ಎಂದರು. ಆಮೇಲೆ ಆ ಸಾಲನ್ನು ನಾನು ಎಲ್ಲೂ ಬರೆದಿಲ್ಲ.

ಹೇಳಿಕೊಡುವಾಗ ಮಾತು ಕಡಿಮೆ. ಪ್ರಶ್ನೆ ಓದಿ, ಪೆನ್ನು ಕೆಳಗಿಡಬೇಕು, ಮತ್ತೊಮ್ಮೆ ಓದಬೇಕು. ‘ಉಪಯೋಗಗಳೇನು’ ಅಂತ ಕೇಳಿದ್ದರೆ ಮಾಡುವ ಕ್ರಮ ಬರೆಯಬಾರದು, ಕ್ರಮ ಕೇಳಿದ್ದರೆ ಉಪಯೋಗ ಬರೆಯಬಾರದು. ಮೊದಲ ಸಾಲಿನಲ್ಲೇ ಯಾರು, ಎಲ್ಲಿ, ಯಾವ ಕಡೆ ಮುಖ ಮಾಡಿ ನಿಂತಿದ್ದಾರೆ ಅನ್ನುವುದು ಬರಬೇಕು. ಗೆರೆಯ ಮನುಷ್ಯನನ್ನು ಬರೆದು ಬಾಣ ಹಾಕಿದರೆ ಅರ್ಧ ಪುಟ ಉಳಿಯುತ್ತದೆ. “ಓದೋನು ಏನೂ ತಿಳೀದೋನು ಅಂತ್ಲೇ ಬರೀಬೇಕು. ತಿಳಿದೋನು ಅಂದ್ಕೊಂಡ್ಯೋ, ಕೆಟ್ಟೆ,” ಎನ್ನುವುದು ಅವರ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತಿತ್ತು.

ಅವರ ಮೊಣಕೈ, ಮೊಣಕಾಲುಗಳ ಮೇಲೆ ತರಚಿದ ಗುರುತುಗಳಿದ್ದವು. ಎಲ್ಲವೂ ನಮ್ಮಂಥವರ ಉತ್ತರಗಳು.

ಒಂದು ಸಂಜೆಯ ಮಾತಿಗೆ ಬರುತ್ತೇನೆ. ನಾನು ಕಂಡದ್ದನ್ನು ಕಂಡಷ್ಟೇ ಹೇಳಲು ಪ್ರಯತ್ನಿಸುತ್ತೇನೆ.

ಪ್ರಥಮ ಚಿಕಿತ್ಸೆಯ ಪ್ರಶ್ನೆ. ಕೈಯ ದೊಡ್ಡ ರಕ್ತನಾಳ ಕತ್ತರಿಸಿದಾಗ ರಕ್ತ ನಿಲ್ಲಿಸಲು ಬಿಗಿಪಟ್ಟಿ ಕಟ್ಟುವ ಕ್ರಮ. ಮಾರೇನಹಳ್ಳಿಯ ಹುಡುಗ ಅಂದು ಬಂದಿರಲಿಲ್ಲ. ನಾನು ಓದಿದೆ, ಮೇಷ್ಟ್ರು ಜಗುಲಿಯ ಮೇಲೆ ಕೂತು ಎಡಗೈ ಚಾಚಿ, “ನೀನೇ ಕಟ್ಟು. ಬರೆದ ಹಾಗೆ,” ಎಂದರು. ಬಟ್ಟೆಯನ್ನು ಮಡಿಸಿ ಮೊಣಕೈಯಿಂದ ಮೇಲೆ ಎರಡು ಸುತ್ತು ಸುತ್ತಿದೆ. ಅರ್ಧ ಗಂಟು ಹಾಕಿ, ಅದರ ಮೇಲೆ ಒಂದು ಕಡ್ಡಿಯಿಟ್ಟು, ಮತ್ತೆ ಗಂಟು ಹಾಕಿದೆ. ಕಡ್ಡಿಯನ್ನು ತಿರುಗಿಸಿದೆ. ‘ನಾಡಿ ಸಿಗದಷ್ಟು ಬಿಗಿಯಾಗುವವರೆಗೆ’ ಎಂದು ಬರೆದಿದ್ದೆ. ಮಣಿಕಟ್ಟು ಮುಟ್ಟಿ ನೋಡಿಕೊಂಡು ಅಷ್ಟೂ ತಿರುಗಿಸಿದೆ. ಕಡ್ಡಿಯ ತುದಿಯನ್ನು ಕಟ್ಟಿದೆ. ‘ನಂತರ ವೈದ್ಯರಿಗಾಗಿ ಕಾಯಬೇಕು’ ಎಂದು ಓದಿ ಮುಗಿಸಿದೆ.

“ಚೆನ್ನಾಗಿದೆ. ಕಾಯೋಣ. ಮುಂದಿನ ಪ್ರಶ್ನೆ ಓದು.”

ಮುಂದಿನದು ಕಬಡ್ಡಿ ಅಂಕಣದ ಅಳತೆ. ಅದನ್ನು ಓದಿದೆ. ಅವರು ಎರಡು ಕಡೆ ತಿದ್ದಿಸಿದರು. ಆಮೇಲೆ ಎತ್ತರ ಜಿಗಿತ. ಅದರ ನಡುವೆ ನಾನು ತಲೆಯೆತ್ತಿ ನೋಡಿದಾಗ ಅವರ ಹಣೆಯ ಮೇಲೆ ಬೆವರಿತ್ತು. ಗಾಳಿ ಬೀಸುತ್ತಿದ್ದ ಹೊತ್ತು. ದನಿ ಒಂದು ಮೆಟ್ಟಿಲು ಕೆಳಗಿಳಿದಿತ್ತು. ಆಗ ಕೈ ನೋಡಿದೆ. ಉಗುರುಗಳು ಬೆಳ್ಳಗೆ, ಅಂಗೈ ಬೂದಿಯ ಬಣ್ಣ, ಬೆರಳುಗಳು ತಾವಾಗಿಯೇ ಸ್ವಲ್ಪ ಒಳಕ್ಕೆ ಬಾಗಿದ್ದವು. ಆ ಕೈ ಅವರದ್ದಲ್ಲ, ಯಾರೋ ಅವರ ತೊಡೆಯ ಮೇಲೆ ಇಟ್ಟುಹೋದದ್ದು ಅನ್ನಿಸಿತು.

ನಾನು ಹಾಳೆ ಬಿಟ್ಟು ಕಡ್ಡಿಗೆ ಕೈಹಾಕಿದೆ. ಅವರು ಬಲಗೈಯಿಂದ ನನ್ನನ್ನು ತಡೆದರು.

“ನನ್ನ ಕೈ ಮುಟ್ಟಬೇಡ. ಹಾಳೆ ಮುಟ್ಟು.”

“ಮೇಷ್ಟ್ರೇ, ಬಿಚ್ತೀನಿ, ದಮ್ಮಯ್ಯ.”

“ಬಿಚ್ಚು ಅಂತ ಬರ್ದಿದೀಯಾ?”

ಒಳಗಿನಿಂದ ಅವರ ಹೆಂಡತಿ ಬಂದರು. ಕೈ ನೋಡಿ ಹೊಸ್ತಿಲಲ್ಲೇ ನಿಂತುಬಿಟ್ಟರು. “ಅಯ್ಯೋ, ಏನ್ರೀ ಇದು! ಬಿಚ್ಚೇ ಅದನ್ನ! ಏನು ನೋಡ್ತಾ ನಿಂತಿದೀಯಾ?”

“ಅವಳು ಬರೀತಾಳೆ. ನೀನು ಸುಮ್ನಿರು.”

ನಾನು ಪೆನ್ಸಿಲು ಎತ್ತಿಕೊಂಡೆ. ‘ಹದಿನೈದು ನಿಮಿಷಕ್ಕೊಮ್ಮೆ ಸಡಿಲಿಸಬೇಕು’ ಎಂದು ಗೀಚಿ ಓದಿದೆ. ಆ ಕಾಲದ ಪುಸ್ತಕದಲ್ಲಿ ಹಾಗಿತ್ತು. ಈಗಿನ ವೈದ್ಯರು ಬೇರೆಯೇ ಹೇಳುತ್ತಾರೆ.

“ಯಾವಾಗಿನಿಂದ ಹದಿನೈದು? ಕಟ್ಟಿದಾಗ ಗಂಟೆ ಎಷ್ಟು?”

ನನಗೆ ಗೊತ್ತಿರಲಿಲ್ಲ. ಒಳಗೋಡೆಯ ಗಡಿಯಾರ ನಾನು ನಿಂತಲ್ಲಿಗೇ ಕಾಣುತ್ತಿತ್ತು. ಒಂದು ಸಲವೂ ನೋಡಿರಲಿಲ್ಲ. ‘ಕಟ್ಟಿದ ಹೊತ್ತನ್ನು ಕಾಗದದ ಮೇಲೆ ಬರೆದು ಗಾಯಾಳುವಿಗೆ ಅಂಟಿಸಬೇಕು’ ಎಂದು ಮೇಲೆ ಸೇರಿಸಿದೆ.

“ಸಡಿಲಿಸೋದು ಹೇಗೆ? ಒಂದೇ ಸಲ ಬಿಟ್ಟುಬಿಡೋದಾ?”

‘ಕಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡೇ, ನಿಧಾನವಾಗಿ, ರಕ್ತ ಬರುತ್ತದೆಯೇ ಎಂದು ನೋಡುತ್ತ.’ ಅದನ್ನು ಬರೆಯುವಾಗ ನಾನು ಅಳುತ್ತಿದ್ದೆ. ಅಕ್ಷರದ ಮೇಲೆ ನೀರು ಬಿದ್ದದ್ದು ನೆನಪಿದೆ. ಓದಿದೆ.

“ಈಗ ಮಾಡು,” ಎಂದರು.

ಬಿಚ್ಚಿದ ಮೇಲೆ ಕೈಗೆ ರಕ್ತ ಬರುವುದನ್ನು ನೋಡಿದೆ. ಅಂಗೈ ಕೆಂಪಾಗುತ್ತ ಬಂತು; ಕೊನೆಗೆ ಉಗುರು. ಅವರು ಹಲ್ಲು ಕಚ್ಚಿ ಕಣ್ಣು ಮುಚ್ಚಿದ್ದರು. ಮರಳುವ ರಕ್ತವೇ ಹೆಚ್ಚು ನೋಯಿಸುತ್ತದೆಂದು ನನಗೆ ಗೊತ್ತಾದದ್ದು ಆಗ.

“ಪರೀಕ್ಷೆಗೆ ಓದ್ಕೊಳ್ಳೋ ಮಕ್ಕಳ ಎದುರಿಗೆ ಹೀಗೆಲ್ಲಾ ಮಾಡ್ತಾರೇನ್ರೀ? ನಿಮ್ಮ ಮೈ ಏನು ಉತ್ತರಪತ್ರಿಕೇನಾ?” ಎಂದು ಅವರ ಹೆಂಡತಿ ಬಿಸಿನೀರಿನ ಬಟ್ಟೆ ಹಿಂಡುತ್ತ ಬೈದರು. ಬೈಯುತ್ತಲೇ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಆಗ ಮೇಷ್ಟ್ರು ತಾವು ಪತ್ರಿಕೆ ತಿದ್ದುವುದನ್ನು ಬಿಟ್ಟ ಕಾರಣ ಹೇಳಿದರು. ನನಗೆ ಅದನ್ನು ಒಂದೇ ಸಲ ಹೇಳಿದ್ದು. ಒಬ್ಬಳು ಒಳ್ಳೆಯ ವಿದ್ಯಾರ್ಥಿನಿ, ಇದೇ ಪ್ರಶ್ನೆಗೆ ನನ್ನಂತೆಯೇ ಉತ್ತರ ಬರೆದಿದ್ದಳಂತೆ. ಇವರು ಪೂರ್ತಿ ನಂಬರು ಕೊಟ್ಟರು. ಅವಳು ಪಾಸಾಗಿ ಹಳ್ಳಿ ಶಾಲೆಗೆ ಹೋದಳು. ಅಲ್ಲಿ ಒಂದು ಮಗುವಿಗೆ ಹಾವು ಕಚ್ಚಿತು. ಟೀಚರು ಕಾಲಿಗೆ ಬಿಗಿಯಾಗಿ ಕಟ್ಟಿ, ಗಾಡಿ ಕಟ್ಟಿಸಿಕೊಂಡು ಆಸ್ಪತ್ರೆಗೆ ಹೊರಟಳು. ಅರ್ಧ ದಿನದ ದಾರಿ.

“ಕಚ್ಚಿದ್ದು ನೀರುಹಾವು,” ಎಂದರು ಮೇಷ್ಟ್ರು. “ವಿಷಾನೇ ಇಲ್ಲ. ಕಾಲು ಮಾತ್ರ ಹೋಯ್ತು.”

ಎಡಗೈ ಉಜ್ಜಿಕೊಳ್ಳುತ್ತ, “ಅವಳು ಆ ಸಡಿಲಿಸೋ ಸಾಲು ಬರೆದೇ ಇರ್ಲಿಲ್ಲ ಕಣಮ್ಮ. ಆಮೇಲೆ ಹೋಗಿ ಪತ್ರಿಕೆ ತೆಗೆಸಿ ನೋಡ್ದೆ. ನಂಗೆ ಅದು ಗೊತ್ತಿತ್ತಲ್ಲ, ಓದೋವಾಗ ನಾನೇ ಸೇರಿಸ್ಕೊಂಡು ಓದ್ಬಿಟ್ಟಿದೀನಿ. ತಿಳಿದೋನ ಕಣ್ಣು ಹಾಗೇ. ಮೈ ಹಾಗಲ್ಲ,” ಎಂದರು.

ಮೇಷ್ಟ್ರ ಎಡಗೈಯ ಎರಡು ಬೆರಳು ಸುಮಾರು ಒಂದು ತಿಂಗಳು ಜೋಮು ಹಿಡಿದೇ ಇದ್ದವು. ಅಷ್ಟು ದಿನವೂ ನಾನು ಹೋಗುತ್ತಿದ್ದೆ. ಅವರ ಹೆಂಡತಿ ನನ್ನ ಹತ್ತಿರ ಒಂದು ವಾರ ಮಾತಾಡಲಿಲ್ಲ. ಕಾಫಿ ಮಾತ್ರ ತಪ್ಪದೆ ತಂದಿಡುತ್ತಿದ್ದರು.

ಪರೀಕ್ಷೆಯಲ್ಲಿ ಐದು ಉತ್ತರ ಬರೆಯಬೇಕಿತ್ತು. ಪ್ರಥಮ ಚಿಕಿತ್ಸೆಯಲ್ಲಿ ಬಂದದ್ದು ಮುರಿದ ಮೂಳೆಗೆ ಪಟ್ಟಿ ಕಟ್ಟುವ ಕ್ರಮ. ನಾನು ಒಂದೊಂದು ಸಾಲು ಬರೆದು, ಬೆಂಚಿನ ಕೆಳಗೆ ನನ್ನ ಕಾಲನ್ನೇ ಮುಟ್ಟಿ, ಇಷ್ಟನ್ನೇ ಕೇಳಿದವಳು ಏನು ಮಾಡಿಯಾಳು ಎಂದು ನೋಡಿಕೊಂಡು ಮುಂದಿನ ಸಾಲಿಗೆ ಹೋಗುತ್ತಿದ್ದೆ. ನಾಲ್ಕು ಉತ್ತರ ಮುಗಿಯುವ ಹೊತ್ತಿಗೆ ಗಂಟೆ ಹೊಡೆಯಿತು. ಐದನೆಯದಕ್ಕೆ ಸಂಖ್ಯೆ ಬರೆದಿದ್ದೆ, ಅಷ್ಟೇ. ಹೊರಗೆ ಮಾರೇನಹಳ್ಳಿಯ ಹುಡುಗ, “ನಾನೂ ನಾಲ್ಕೇ ಕಣ್ರೀ. ಇಬ್ಬರೂ ಮುಳುಗಿದ್ವಿ,” ಎಂದು ನಕ್ಕ. ನನಗೆ ನಗು ಬರಲಿಲ್ಲ. ಮನೆಗೆ ಹೋಗಿ ಅಮ್ಮನಿಗೆ ಐದೂ ಬರೆದೆ ಎಂದು ಸುಳ್ಳು ಹೇಳಿದೆ.

ಇಬ್ಬರೂ ಪಾಸಾದೆವು. ನನ್ನ ಕೆಲಸ ಖಾಯಂ ಆಯಿತು. ಮೇಷ್ಟ್ರಿಗೆ ಹೇಳಲು ಹೋದಾಗ, ಒಂದು ಪ್ರಶ್ನೆ ಬಿಟ್ಟದ್ದಕ್ಕೆ ಬೈಯುತ್ತಾರೆಂದು ಹೆದರಿ ಅದನ್ನೇ ಮೊದಲು ಹೇಳಿದೆ.

“ಬಿಟ್ಟ ಉತ್ತರದಿಂದ ಯಾರ ಕಾಲೂ ಹೋಗಲ್ಲ ಬಿಡು,” ಎಂದರು.

ಎರಡು ವರ್ಷವಾದ ಮೇಲೆ ಅವರಿಗೆ ಲಕ್ವ ಹೊಡೆಯಿತು. ಬಲಭಾಗ ಪೂರ್ತಿ ಬಿತ್ತು, ಮಾತು ತೊದಲಾಯಿತು. ನಾನು ನೋಡಲು ಹೋದಾಗ ಅವರ ಹೆಂಡತಿ, “ಮಗ್ಗುಲು ತಿರುಗಿಸ್ತಾ ಇರಿ, ಇಲ್ಲದಿದ್ರೆ ಬೆನ್ನು ಹುಣ್ಣಾಗತ್ತೆ ಅಂದ್ರು ಡಾಕ್ಟರು. ನನ್ನ ಕೈಲಿ ಈ ಆಳನ್ನ ಎತ್ತೋಕಾಗತ್ತೇನಮ್ಮ?” ಎಂದರು. ನಾನು ಮಾಡಿ ತೋರಿಸಲು ಹಾಸಿಗೆಯ ಬಳಿ ಹೋದೆ. ಮೇಷ್ಟ್ರು ಎಡಗೈ ಎತ್ತಿ ಬೇಡವೆಂದರು. ಆಮೇಲೆ ಗಾಳಿಯಲ್ಲಿ ಬರೆಯುವ ಹಾಗೆ ಬೆರಳು ಆಡಿಸಿದರು.

ನಾನು ಬರೆದೆ. ಎಷ್ಟು ಹೊತ್ತಿಗೊಮ್ಮೆ ಎಂಬುದನ್ನು ಮೊದಲ ಸಾಲಿನಲ್ಲೇ ಬರೆದೆ. ಯಾವ ಪಕ್ಕ ನಿಲ್ಲಬೇಕು, ಯಾವ ಮೊಣಕಾಲು ಮಡಿಸಬೇಕು, ಭುಜ ಎಲ್ಲಿ ಹಿಡಿಯಬೇಕು, ಸೊಂಟ ಎಲ್ಲಿ ಹಿಡಿಯಬೇಕು. ಅವರ ಹೆಂಡತಿ ಅಕ್ಷರ ಕೂಡಿಸಿ ಕೂಡಿಸಿ ಓದುವವರು. ಒಂದೊಂದು ಸಾಲು ಓದಿ, ಅಷ್ಟನ್ನೇ ಮಾಡಿದರು. ಮೇಷ್ಟ್ರು ಎಡಮಗ್ಗುಲಿಗೆ ತಿರುಗಿದರು. ಆದರೆ ಎಡಗೈ ಮೈಕೆಳಗೆ ಸಿಕ್ಕಿಕೊಂಡಿತು. ಮುಖ ಕಿವುಚಿತು.

“ಕ...ಕೈ,” ಎಂದರು.

ಅವರ ಹೆಂಡತಿ ಎಳೆಯಲು ಹೋದರು. ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ‘ಮೊದಲು ಎಡಗೈಯನ್ನು ಮೈಯಿಂದ ದೂರ ಚಾಚಿಡಬೇಕು’ ಎಂಬ ಸಾಲನ್ನು ಸೇರಿಸಿ ಓದಿದೆ. ಅವರನ್ನು ಮತ್ತೆ ಅಂಗಾತ ಮಲಗಿಸಿ, ಎಲ್ಲವನ್ನೂ ಮೊದಲಿನಿಂದ ಮಾಡಿದೆವು. ಮೂರನೆಯ ಸಲ, ನಾನು ಗೋಡೆಗೆ ಒರಗಿ ದೂರ ನಿಂತಿದ್ದಾಗ, ಆ ಸಣ್ಣ ಹೆಂಗಸು ಹಾಳೆ ನೋಡಿಕೊಂಡು ತಮ್ಮ ಗಂಡನನ್ನು ಒಬ್ಬರೇ ತಿರುಗಿಸಿದರು. ಮೇಷ್ಟ್ರ ಮುಖ ಕಿವುಚಲಿಲ್ಲ. ಕಣ್ಣು ಮುಚ್ಚಿಕೊಂಡು, ಅರ್ಧ ಬಾಯಿಯಲ್ಲೇ, “ಮುಂದೆ?” ಎಂದರು. ಮುಂದಿನ ಸಾಲು ಬಲಮಗ್ಗುಲಿಗೆ ತಿರುಗಿಸುವುದು.

ಅವರು ನಾಲ್ಕು ತಿಂಗಳು ಬದುಕಿದರು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಸ್ನಾನ ಮಾಡಿಸಿ ಹೊರಗೆ ತಂದು ಮಲಗಿಸಿದ್ದರು. ಅವರ ಹೆಂಡತಿ ನನ್ನನ್ನು ಕಂಡು ಜನರ ನಡುವಿನಿಂದ ಎದ್ದುಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅಳಲಿಲ್ಲ.

“ಬೆನ್ನೆಲ್ಲಾ ಒರೆಸಿ ನೋಡ್ದೆ ಕಣಮ್ಮ,” ಎಂದರು. “ಒಂದು ಹುಣ್ಣಿಲ್ಲ.”