ಕಣ್ಣು ಕುಕ್ಕದ ಬೆಳಕು

ಅವಳನ್ನು ಎಲ್ಲರೂ ಲೈಟಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವನಾದ ನಾನೂ ಹಾಗೇ ಕರೆಯುತ್ತಿದ್ದೆ. ಆಗ ನಾನು ಊರಿನ ಡ್ಯಾನ್ಸ್ ಹಾಲ್‌ನ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುವವನು. ಅವಳು ಒಳಗೆ, ಕುಣಿಯುವವರೆಲ್ಲರ ಬೆನ್ನ ಹಿಂದೆ, ಮರದ ಅಟ್ಟಣೆಯ ಮೇಲೆ ಲೈಟ್ ಬೋರ್ಡಿನ ಮುಂದೆ ಕೂರುವವಳು. ಡಿಜೆ ಬಾರಿಸುವ ಹಾಡಿನ ಪೆಟ್ಟು ಎಲ್ಲಿ ಬೀಳುತ್ತದೋ ಬೆಳಕೂ ಅಲ್ಲೇ ಬೀಳಬೇಕು. ಕೂದಲೆಳೆಯಷ್ಟು ತಡವಾದರೂ ಕುಣಿಯುವವರ ಕಾಲು ತಡವರಿಸುತ್ತದೆ.

ಅವಳ ತಾಯಿ ಪರದೆ ಹೊಲಿಯುವವರು. ಹಾಲಿಗೆ ಪರದೆ ತಲುಪಿಸಲು ತಾಯಿಯ ಜೊತೆ ಬಂದವಳು ಎಲೆಕ್ಟ್ರಿಷಿಯನ್ನನ ಹಿಂದೆ ಸುತ್ತುತ್ತಾ ಕೆಲಸ ಕಲಿತಳು. ಅವನು ಬಿಟ್ಟುಹೋದ ಮೇಲೆ ಯಾರನ್ನೂ ಕೇಳದೆ ಏಣಿ ಹತ್ತಿದಳು. ಮ್ಯಾನೇಜರ್ ಕೆಳಗೆ ನಿಂತು ಬಾಯಿ ಬಡಿದುಕೊಂಡ.

“ಹೆಣ್ಮಗಳು ಏಣಿ ಹತ್ತಿದ್ರೆ ಜನ ಏನಂತಾರೆ?”

“ಜನ ಏನಂತಾರೋ ನೀವು ಕೆಳಗಿದ್ದು ಕೇಳಿಸ್ಕೊಳ್ಳಿ. ನಾನು ಬಲ್ಬ್ ಹಾಕಿ ಬರ್ತೀನಿ.”

ಬೋರ್ಡಿನಲ್ಲಿ ಒಂದು ಗುಂಡಿ ಇತ್ತು. ಹಾಡಿನ ಲಯಕ್ಕೆ ಅದನ್ನು ಬೆರಳಿಂದ ತಟ್ಟುತ್ತಿದ್ದರೆ ದೀಪಗಳು ಆ ನಡೆಯನ್ನು ಹಿಡಿಯುತ್ತಿದ್ದವು. ಯಂತ್ರಕ್ಕೇ ಬಿಟ್ಟರೆ ಮೈಕಿನಿಂದ ಹಾಡು ಕೇಳಿ ತಾನೇ ಮಿನುಗುತ್ತಿತ್ತು. ಅವಳು ಬಿಡುತ್ತಿರಲಿಲ್ಲ, ಅದಕ್ಕೆ ಕಾರಣ ಡಿಜೆ. ಅವನನ್ನು ಗುಡುಗು ಎನ್ನುತ್ತಿದ್ದರು. ಮಾತು ಮೆಲ್ಲಗೆ, ಹಾಡು ಮಾತ್ರ ಎದೆಗೂಡು ಅದುರಿಸುವಂಥದ್ದು. ಹಾಡನ್ನು ಏರಿಸುತ್ತಾ ಏರಿಸುತ್ತಾ ಹೋಗಿ, ಇನ್ನೇನು ಪೆಟ್ಟು ಬಿತ್ತು ಅನ್ನುವಾಗ ತಡೆದು ನಿಲ್ಲಿಸಿಬಿಡುತ್ತಿದ್ದ. ಎಷ್ಟು ಹೊತ್ತು ತಡೆಯುತ್ತಾನೆ ಎಂಬುದು ಅವನಿಗೇ ಗೊತ್ತಿರುತ್ತಿರಲಿಲ್ಲ. ಲೈಟಕ್ಕ ಅವನ ಹೆಗಲನ್ನೇ ನೋಡುತ್ತಾ ಕೂರುವಳು. ಹೆಗಲು ಇಳಿಯಿತೋ, ಹಾಡೂ ಬೆಳಕೂ ಒಟ್ಟಿಗೇ ಬೀಳುತ್ತಿದ್ದವು. ಬೀಳುತ್ತಿದ್ದ ಬೆಳಕು ಸ್ಟ್ರೋಬ್, ಪಟಪಟನೆ ಮಿಂಚುವ ಬಿಳಿ ದೀಪ. ಜನ ಹುಚ್ಚೆದ್ದು ಕೂಗುತ್ತಿದ್ದರು.

ಅವಳಿಗೊಬ್ಬಳು ತಂಗಿ. ಬೈಂಡಿಂಗ್ ಅಂಗಡಿಯಲ್ಲಿ ಪುಸ್ತಕ ಹೊಲಿಯುವ ಕೆಲಸ ಅವಳದ್ದು. ಚಿಕ್ಕಂದಿನಿಂದ ಫಿಟ್ಸ್. ಪಟಪಟ ಮಿನುಗುವ ಬೆಳಕು ಕಂಡರೆ ಸಾಕು, ಕಣ್ಣು ಮೇಲೆ ಸಿಕ್ಕಿಕೊಂಡು ನೆಲಕ್ಕೆ ಬೀಳುತ್ತಿದ್ದಳು. ಮನೆಯಲ್ಲಿ ಟ್ಯೂಬ್‌ಲೈಟ್ ಮಿಣುಕಿದರೆ ತಾಯಿ ಓಡಿಬಂದು ಸ್ವಿಚ್ ಆರಿಸುತ್ತಿದ್ದರು. ಆದರೆ ಕುಣಿಯುವುದೆಂದರೆ ಆ ಹುಡುಗಿಗೆ ಪ್ರಾಣ.

“ಅಕ್ಕಾ, ನಿನ್ನ ಕೆಲಸ ನಾನು ಒಂದಿನಾನೂ ನೋಡಿಲ್ಲ. ಈ ಭಾನುವಾರ ಬರ್ತೀನಿ,” ಎಂದಳಂತೆ ಒಮ್ಮೆ.

“ತಲೆ ಕೆಟ್ಟಿದ್ಯಾ? ಅಲ್ಲಿ ಸ್ಟ್ರೋಬ್ ಹಾಕ್ತಾರೆ.”

“ಹಾಕೋಳು ಯಾರು?”

ಮರುದಿನ ಟೀ ಕುಡಿಯುತ್ತಾ ಲೈಟಕ್ಕ ನನಗೆ ಇದನ್ನು ಹೇಳಿದಳು. “ಊರೋರನ್ನೆಲ್ಲ ಕುಣಿಸ್ತೀನಿ ಕಣಣ್ಣ, ನನ್ನ ತಂಗೀನ ನಾನೇ ಹೊರಗೆ ನಿಲ್ಲಿಸಿದೀನಿ.” ಟೀ ಅರ್ಧಕ್ಕೇ ಬಿಟ್ಟು ಎದ್ದು ನೇರ ಮ್ಯಾನೇಜರ್ ಕೋಣೆಗೆ ಹೋದಳು. ಗುಡುಗೂ ಅಲ್ಲೇ ಕೂತಿದ್ದ. ಭಾನುವಾರ ಸ್ಟ್ರೋಬ್ ಹಾಕುವುದಿಲ್ಲ ಎಂದಳು.

“ಒಬ್ಬಳಿಗೋಸ್ಕರ ಇಡೀ ಹಾಲ್ ಮಂಕಾಗಬೇಕಾ?” ಎಂದ ಮ್ಯಾನೇಜರ್.

“ಒಬ್ಬಳೇ ಅಂತ ಹೆಂಗೆ ಗೊತ್ತು? ಬರೋಕಾಗದೆ ಮನೇಲಿ ಕೂತೋರನ್ನ ಎಣಿಸಿದೀರಾ?”

ಗುಡುಗು ಮೆಲ್ಲಗೆ ಬಾಯಿ ಹಾಕಿದ. “ಮಿಂಚಿಲ್ಲ ಅಂದ್ರೆ ನನ್ನ ಹಾಡು ಸಪ್ಪೆ ಆಗತ್ತೆ ಕಣಕ್ಕಾ.”

“ಮಿಂಚಿಲ್ದೆ ಸಪ್ಪೆ ಆದ್ರೆ ಅದು ಮಿಂಚಿನ ತಪ್ಪಲ್ಲ.”

ಅವನು ಮುಖ ಊದಿಸಿಕೊಂಡ. ಮ್ಯಾನೇಜರ್ ಮೇಜು ಕುಟ್ಟಿದ. ಸ್ಟ್ರೋಬ್ ಬೇಕೇ ಬೇಕು, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದ. “ನೋಡ್ಕೊಳ್ಳಿ,” ಎಂದು ಇವಳು ಹೊರಗೆ ಬಂದಳು.

ಅಷ್ಟರೊಳಗೆ ಮ್ಯಾನೇಜರಿಗೆ ಬೇರೆ ಯಾರೂ ಸಿಗಲಿಲ್ಲ. ಭಾನುವಾರ ಹಾಲ್ ಖಾಲಿ ಇರುವಾಗಲೇ ಇವಳು ಬಂದು, ಏಣಿ ಹತ್ತಿ, ಸ್ಟ್ರೋಬುಗಳ ವೈರ್ ಬಿಚ್ಚಿ ಸುತ್ತಿಟ್ಟಳು. ಆಮೇಲೆ ಒಬ್ಬಳೇ ಕೂತು ಹಾಡು ಹಾಕಿಕೊಂಡು ಅಭ್ಯಾಸ ಮಾಡಿದಳು. ನಾನು ಕಸ ಗುಡಿಸುತ್ತಾ ನೋಡುತ್ತಿದ್ದೆ. ಪೆಟ್ಟಿಗೊಂದು ಮಿಂಚು ಎನ್ನುವುದನ್ನು ಬಿಟ್ಟು, ನಾಲ್ಕು ಪೆಟ್ಟುಗಳಿಗೆ ಸೇರಿ ಬೆಳಕಿನ ಒಂದು ನಡಿಗೆ ಕಟ್ಟಿದ್ದಳು. ಎಡಗೋಡೆಯಿಂದ ಹೊರಟ ನೀಲಿ ಬೆಳಕಿನ ಕೋಲು ನೆಲದ ಮೇಲೆ ನಿಧಾನವಾಗಿ ಹರಿದು, ಸರಿಯಾಗಿ ಮುಂದಿನ ದೊಡ್ಡ ಪೆಟ್ಟು ಬೀಳುವ ಹೊತ್ತಿಗೆ ಬಲಗೋಡೆ ಮುಟ್ಟುತ್ತಿತ್ತು. ಅಷ್ಟರಲ್ಲಿ ಬಣ್ಣ ನೀಲಿಯಿಂದ ಕೆಂಪಿಗೆ ಕರಗಿರುತ್ತಿತ್ತು. ಕೈಯಲ್ಲಿ ಪೊರಕೆ ಹಿಡಿದೇ ನನ್ನ ಕಾಲು ಕುಣಿಯತೊಡಗಿತ್ತು.

ಮಧ್ಯಾಹ್ನ ತಂಗಿ ಬಂದಳು. ಬೆಳಕು ಮಿನುಗದಿದ್ದರೆ ಹೋಗಬಹುದು, ಮಾತ್ರೆ ಮಾತ್ರ ತಪ್ಪಿಸಬೇಡ ಎಂದಿದ್ದರಂತೆ ಡಾಕ್ಟರು. ಸುಮ್ಮನೆ ಒಳಗೆ ಹೋಗಮ್ಮ ಎಂದರೂ ಟಿಕೆಟ್ ಚಾಚಿದಳು. “ಹರೀರಿ ಅಣ್ಣಾ. ಎಲ್ರ ಥರಾನೇ ಹೋಗ್ತೀನಿ.”

ಮೊದಲ ಹಾಡುಗಳು ಸಲೀಸಾಗಿ ಹೋದವು. ದೊಡ್ಡ ಹಾಡು ಏರತೊಡಗಿದಾಗ ಮುಂದಿನ ಸಾಲಿನಿಂದ ಕೂಗು ಎದ್ದಿತು: “ಮಿಂಚು! ಮಿಂಚು!” ಮ್ಯಾನೇಜರ್ ನನ್ನನ್ನೂ ಎಳೆದುಕೊಂಡು ಅಟ್ಟಣೆ ಹತ್ತಿದ. ಅವಳನ್ನು ಕೇಳಲೂ ಇಲ್ಲ, ಸ್ಟ್ರೋಬಿನ ಹಿಡಿಯನ್ನು ತಾನೇ ಮೇಲಕ್ಕೆ ತಳ್ಳಿದ. ಏನೂ ಆಗಲಿಲ್ಲ. ಇಳಿಸಿ ಮತ್ತೆ ತಳ್ಳಿದ.

“ಕೆಟ್ಟೋಗಿದ್ಯಾ?”

“ಕೆಟ್ಟಿಲ್ಲ. ಬಿಚ್ಚಿದೀನಿ.”

“ವೈರ್ ಎಲ್ಲಿ?”

“ಅದರ ಮೇಲೇ ಕೂತಿದೀನಿ. ತಾಕತ್ತಿದ್ರೆ ಎಬ್ಬಿಸಿ ತಗೊಳ್ಳಿ.”

ಇಷ್ಟು ಹೇಳುವಾಗಲೂ ಅವಳ ಬೆರಳು ಗುಂಡಿ ತಟ್ಟುತ್ತಲೇ ಇತ್ತು, ಕಣ್ಣು ಗುಡುಗಿನ ಹೆಗಲ ಮೇಲಿತ್ತು. ಮ್ಯಾನೇಜರ್ ನನ್ನ ಮುಖ ನೋಡಿದ. ನಾನು ಮೇಲ್ಛಾವಣಿ ನೋಡಿದೆ.

ಅಷ್ಟರಲ್ಲಿ ಗುಡುಗು ಹಾಡನ್ನು ತಡೆದ. ಆ ದಿನ ಸಿಟ್ಟಿಗೋ ಏನೋ, ಎಂದೂ ತಡೆಯದಷ್ಟು ಹೊತ್ತು ತಡೆದ. ಲೈಟಕ್ಕ ಹಾಲನ್ನೆಲ್ಲ ಕತ್ತಲು ಮಾಡಿ ಬೆರಳನ್ನು ಗಾಳಿಯಲ್ಲಿ ಎತ್ತಿ ಹಿಡಿದಳು. ಗದ್ದಲ ಅಡಗಿತು. ಯಾರೋ ಕೆಮ್ಮಿದರು. ಹೆಗಲು ಇಳಿಯಿತು.

ಅವಳು ಜನರ ಬೆನ್ನ ಹಿಂದೆ ನೆಲದಲ್ಲಿ ಇಟ್ಟಿದ್ದ ಹಳದಿ ದೀಪಗಳು ಒಮ್ಮೆಗೇ ಹೊತ್ತಿಕೊಂಡವು, ಆರಲಿಲ್ಲ. ಕುಣಿಯುತ್ತಿದ್ದವರ ನೆರಳೆಲ್ಲ ದೈತ್ಯರಂತೆ ಎದುರಿನ ಗೋಡೆಯ ಮೇಲೆ ಎದ್ದು ನಿಂತವು. ಒಬ್ಬ ಕೈ ಎತ್ತಿ ತನ್ನ ನೆರಳನ್ನು ನೋಡಿದ, ಪಕ್ಕದವಳೂ ಎತ್ತಿದಳು, ನೋಡನೋಡುತ್ತಾ ಗೋಡೆ ತುಂಬ ಕೈಗಳು. ತಂಗಿ ನಟ್ಟನಡುವೆ ಮೊಣಕೈ ಬೀಸಿ ಕುಣಿಯುತ್ತಿದ್ದಳು. ನಿಜ ಹೇಳಬೇಕೆಂದರೆ ಅವಳಿಗೆ ಲಯದ ಗಂಧವೇ ಇರಲಿಲ್ಲ. ಸುತ್ತ ನಿಂತವರು ಏಟು ತಪ್ಪಿಸಿಕೊಳ್ಳುವುದರಲ್ಲೇ ಸುಸ್ತಾದರು.

ಎಲ್ಲರಿಗೂ ಹಿಡಿಸಿತು ಎಂದೇನಲ್ಲ. ಮಜವೇ ಇಲ್ಲ ಎಂದು ಗೊಣಗುತ್ತಾ ನನ್ನ ಬಾಗಿಲು ದಾಟಿದವರೂ ಇದ್ದರು. ಮ್ಯಾನೇಜರ್ “ನಾಳೆಯಿಂದ ಬರಬೇಡ” ಎಂದ. “ಏಣಿ ನಂದು, ತಗೊಂಡು ಹೋಗ್ತೀನಿ,” ಎಂದಳು. ಒಂದು ತುದಿ ಅಕ್ಕ, ಒಂದು ತುದಿ ತಂಗಿ ಹಿಡಿದು ಬೀದಿಯುದ್ದಕ್ಕೂ ನಗುತ್ತಾ ಹೋದರು.

ಆ ನಗು ಬಹಳ ದಿನ ಉಳಿಯಲಿಲ್ಲ. ಬೇರೆ ಹಾಲುಗಳಿಗೆ ಹೋದಾಗಲೂ ಲೈಟಕ್ಕ ಮೊದಲು ತನ್ನ ಷರತ್ತು ಹೇಳುತ್ತಿದ್ದಳು, ಬಾಗಿಲು ಮುಚ್ಚುತ್ತಿತ್ತು. ಮತ್ತೆ ಪರದೆ ಹೊಲಿಯಲು ಕೂತಳು.

“ನಿನ್ನ ಹಟ ನಿಂಗೆ ಅನ್ನ ಹಾಕತ್ತೇನೇ?” ಎಂದರು ತಾಯಿ.

“ಹಾಕದಿದ್ರೆ ಹಸ್ಕೊಂಡಿರ್ತೀನಮ್ಮಾ. ಇವಳನ್ನ ಬಾಗಿಲಾಚೆ ನಿಲ್ಲಿಸಿ ಉಣ್ಣೋದು ನನ್ ಕೈಲಾಗಲ್ಲ.”

ಕೊನೆಗೆ ಒಬ್ಬ ನೃತ್ಯ ಶಿಕ್ಷಕಿ ತನ್ನ ಹಳೆಯ ಗೋದಾಮನ್ನು ವಾರಕ್ಕೊಮ್ಮೆ ಬಿಟ್ಟುಕೊಟ್ಟಳು. ತಂಗಿ ತನ್ನ ಅಂಗಡಿಯ ಉಳಿದ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಬೀದಿಬೀದಿಗೆ ಅಂಟಿಸಿದಳು: “ಇಲ್ಲಿ ಮಿಂಚಿಲ್ಲ. ಫಿಟ್ಸ್ ಇರುವವರೂ ಬನ್ನಿ.” ಬಂದರು. ಬೆಳಕಿಗೆ ತಲೆ ಸಿಡಿಯುವ ಟೀಚರ್ ಬಂದಳು. ಫಿಟ್ಸ್ ಇದೆಯೆಂದು ಕೆಲಸ ಕಳೆದುಕೊಂಡಿದ್ದ ಬಸ್ ಡ್ರೈವರ್ ಹೆಂಡತಿಯೊಡನೆ ಬಂದ. ಆಗಾಗ ನಾನೂ ಹೋಗುತ್ತಿದ್ದೆ.

ಒಂದು ದಿನ ಗುಡುಗು ತನ್ನ ಡಿಜೆ ಸಾಮಾನಿನ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಹಳೆಯ ಹಾಲ್‌ನಲ್ಲಿ ಈಗ ಬೆಳಕೆಲ್ಲ ಯಂತ್ರದ್ದೇ. ಇವನು ಹಾಡು ತಡೆದರೆ ಅದು ಜನರ ಕೂಗನ್ನೇ ಹಾಡೆಂದುಕೊಂಡು ಮಿಂಚಿ ಮಾನ ಕಳೆಯುತ್ತಿತ್ತಂತೆ.

“ಈಗ್ಲೂ ನಂಗೆ ಮಿಂಚೇ ಇಷ್ಟ ಅಕ್ಕಾ. ಆದ್ರೆ ಆ ಯಂತ್ರಕ್ಕೆ ಕಾಯೋಕೇ ಬರಲ್ಲ.”

“ಇಷ್ಟಾನ ಹೊರಗೆ ಬಿಟ್ಟು ನೀನು ಒಳಗೆ ಬಾ.”

ಕಳೆದ ತಿಂಗಳು ತಂಗಿಗೆ ಗೋದಾಮಿನಲ್ಲೇ ಫಿಟ್ಸ್ ಬಂತು. ಬೆಳಕಿನಿಂದಲ್ಲ, ಎರಡು ದಿನ ಜ್ವರ ಇತ್ತು. ಯಾರೂ ಕಿರುಚಲಿಲ್ಲ. ಡ್ರೈವರ್ ಅವಳನ್ನು ಮಗ್ಗುಲಿಗೆ ಹೊರಳಿಸಿ ತಲೆಯ ಕೆಳಗೆ ಅಂಗಿ ಮಡಚಿಟ್ಟ. ಗುಡುಗು ಹಾಡು ನಿಲ್ಲಿಸಿದ. ಲೈಟಕ್ಕ ದೀಪಗಳನ್ನೆಲ್ಲ ಕದಲದಂತೆ ಮಂದವಾಗಿ ಹಿಡಿದು, ಓಡಿಬಂದು ಪಕ್ಕದಲ್ಲಿ ಕೂತಳು.

ಸುದ್ದಿ ತಿಳಿದ ತಾಯಿ ಇನ್ನು ಸಾಕು, ಹೋಗಬೇಡ ಎಂದು ಅತ್ತರು.

“ಮನೇಲಿ ಬಿದ್ದಾಗ ಮನೆ ಬಿಟ್ನೇನಮ್ಮಾ?” ಎಂದಳಂತೆ ತಂಗಿ.

ಮುಂದಿನ ವಾರ ನಾನು ಹೋದಾಗ ಅವಳು ಆಗಲೇ ನಟ್ಟನಡುವೆ ನಿಂತು ಮೊಣಕೈ ಬೀಸುತ್ತಿದ್ದಳು.