ಬೆಳ್ಳಿಯ ಕರಡಿಗೆ

೧೯೭೩ರ ಆಗಸ್ಟ್‌ನ ಒಂದು ಭಾನುವಾರ ನ್ಯೂಜರ್ಸಿಯ ಕಡಲ ದಂಡೆಯಲ್ಲಿ ಎದೆ ಹಿಡಿದುಕೊಂಡು ಕೂತ ಅಡಿವೆಪ್ಪನವರು ಮತ್ತೆ ಏಳಲಿಲ್ಲ. ಲೈಫ್‌ಗಾರ್ಡುಗಳು ಓಡಿ ಬಂದರು. ಅಂಗಿ ಹರಿದರು, ಕೊರಳ ದಾರ ಕತ್ತರಿಸಿ ಆಚೆ ಎಸೆದರು, ಎದೆ ಒತ್ತಿದರು. ಆ ದಾರದಲ್ಲಿ ಬೆಳ್ಳಿಯ ಕರಡಿಗೆ ಇತ್ತು, ಅದರೊಳಗೆ ಅವರ ಇಷ್ಟಲಿಂಗ. ಓಡಿ ಬಂದವರಿಗೇನು ಗೊತ್ತು? ಹೆಂಡತಿ ಗಿರಿಜಾದೇವಿಗೂ ಆಗ ಗಂಡನ ಮುಖ ಬಿಟ್ಟು ಬೇರೇನೂ ಕಾಣಲಿಲ್ಲ.

ಅವರ ಮಂದಿ ಸತ್ತವರನ್ನು ಸುಡುವುದಿಲ್ಲ, ಮಣ್ಣು ಕೊಡುತ್ತಾರೆ. ಮಣ್ಣು ಕೊಡುವಾಗ ಎಡಗೈಯಲ್ಲಿ ಲಿಂಗ ಇರಬೇಕು. ಅಡಿವೆಪ್ಪನವರು ಬರಿಗೈಯಲ್ಲಿ ಹೋದರು. ಧಾರವಾಡದಿಂದ ಭಾವನ ಕಾಗದ ಬಂತು. ಒಂದೇ ಸಾಲು: "ಲಿಂಗಿಲ್ಲದ ಹ್ಯಾಂಗ ಮಣ್ಣು ಕೊಟ್ಟಿ?"

ಸ್ಮಶಾನ ನೋಡಿಕೊಳ್ಳುವವನು ಒಳ್ಳೆಯ ಮನುಷ್ಯ. ಅಕ್ಟೋಬರ್ ಕೊನೆಗೆ ಗೋರಿಯ ತಲೆಗಲ್ಲಿಗೆ ಕಾಂಕ್ರೀಟ್ ಹಾಕುತ್ತೇವೆ, ಅಷ್ಟರೊಳಗೆ ಲಿಂಗ ತಂದರೆ ಮೊಳದಷ್ಟು ಆಳಕ್ಕೆ ಇಡಬಹುದು, ಆಮೇಲೆ ಆಗುವುದಿಲ್ಲ ಎಂದ.

ಎರಡು ಭಾನುವಾರ ಅವಳು ಕೈಯಿಂದಲೇ ಮರಳು ಕೆದಕಿದಳು. ಫೋರ್ಟ್ ಲೀ ಊರಲ್ಲಿ ಅವಳ ಮನೆಯ ಮೇಲಿನ ಮನೆಯಲ್ಲಿದ್ದ ಬೆಂಗಳೂರಿನ ಇಂಜಿನಿಯರ್ ಬಾಲು, ಹೀಗಲ್ಲ, ಲೋಹ ಹುಡುಕುವ ಮಷಿನ್ ಸಿಗುತ್ತದೆ ಎಂದು ಅವಳನ್ನು ಟೋನಿಯ ಅಂಗಡಿಗೆ ಕರೆದುಕೊಂಡು ಹೋದ. ಗೋಡೆಗೆ ಆರೇಳು ಮಷಿನ್ ಒರಗಿದ್ದವು. ಉದ್ದ ಕೋಲು, ತುದಿಗೆ ತಟ್ಟೆ, ಮೇಲೊಂದು ಡಬ್ಬಿ.

ಬಾಲು ಎಲ್ಲಕ್ಕಿಂತ ಹೆಚ್ಚು ಗುಂಡಿಗಳಿದ್ದುದನ್ನು ಎತ್ತಿದ. "ಆಂಟಿ, ಇದು ಲೇಟೆಸ್ಟು. ಟ್ರ್ಯಾಶ್ ಎಲ್ಲ ಇಗ್ನೋರ್ ಮಾಡುತ್ತೆ. ಸೋಡಾ ಕ್ಯಾನಿನ ರಿಂಗ್ ಸಿಕ್ಕಿದ್ರೆ ಸುಮ್ನಿರುತ್ತೆ."

"ಅದು ಕಸ ಅಂತ ಇದಕ್ಕ ಹ್ಯಾಂಗ ಗೊತ್ತಾಗ್ತೈತಿ?"

"ಒಳಗೆ ಸರ್ಕ್ಯೂಟ್ ಇದೆ ಆಂಟಿ."

"ನಮ್ಮವರದ್ನೂ ಕಸ ಅಂದ್ರ?"

ಟೋನಿ ಏನು ಕಳೆದಿದೆ ಎಂದು ಕೇಳಿದ. ಬಾಲು ಬೆಳ್ಳಿ ಡಬ್ಬಿ ಎಂದ. ಮೊದಲ ಸಲ ಹಿಡಿಯುವವರಿಗೆ ಗುಂಡಿ ಕಡಿಮೆ ಇದ್ದಷ್ಟೂ ಒಳ್ಳೆಯದು, ಆ ದೊಡ್ಡದು ಉಪ್ಪುನೀರಿನ ಹಸಿ ಮರಳಿನಲ್ಲಿ ಸುಮ್ಮಸುಮ್ಮನೆ ಕಿರುಚುತ್ತದೆ ಎಂದು ಟೋನಿ ಹೇಳಿದ. ಇನ್ನೊಂದನ್ನು ಕೊಟ್ಟ. ಅದು ಸದಾ ಗೊಣಗುತ್ತಿತ್ತು. ಲೋಹದ ಮೇಲೆ ಹೋದರೆ ಗೊಣಗು ಏರುತ್ತಿತ್ತು.

ಗಿರಿಜಾದೇವಿ ಚೀಲದಿಂದ ಬೆಳ್ಳಿಯ ಕುಂಕುಮದ ಭರಣಿ ತೆಗೆದು ನೆಲದ ಮೇಲಿಟ್ಟಳು. ಅದನ್ನು ಬಳಸುವ ಕಾಲ ಮುಗಿದಿತ್ತು. ಮಷಿನ್ ಕೂಗಿತು. ತೋಳು ಚಾಚಿ ಹತ್ತು ನಿಮಿಷ ಆಡಿಸಿ ನೋಡಿದಳು.

"ಹಗರ ಐತಿ. ಇದ ಇರಲಿ."

"ಆಂಟಿ, ಅದು ಹಳೇ ಮಾಡೆಲ್."

"ನಾನೂ ಹಳೇದ ಅದೀನಿ ತಮ್ಮಾ."

ಮೊದಲು ಮನೆಯ ಹತ್ತಿರವೇ ಏನಾದರೂ ಹೂತಿಟ್ಟು ಹುಡುಕಿ, ಇದರ ದನಿ ಕಲಿಯಿರಿ ಎಂದಿದ್ದ ಟೋನಿ. ಕಟ್ಟಡದ ಹಿಂದಿನ ಹುಲ್ಲಿನಲ್ಲಿ ಅವಳು ಭರಣಿ ಹೂತಳು, ಮೊಳೆ ಹೂತಳು, ಕ್ಯಾನಿನ ರಿಂಗ್ ಹೂತಳು. ಅಕ್ಕಪಕ್ಕದ ಮನೆಗಳ ಮಕ್ಕಳು ಕಿಟಕಿಯಿಂದ ನೋಡಿ ನಕ್ಕರು. ವಾರ ಕಳೆಯುವಷ್ಟರಲ್ಲಿ ಅಗೆಯುವ ಮೊದಲೇ ಯಾವುದು ಯಾವುದೆಂದು ಹೇಳುತ್ತಿದ್ದಳು.

ಸೆಪ್ಟೆಂಬರ್ ಪೂರ್ತಿ, ಅಕ್ಟೋಬರಿನಲ್ಲಿ ಮೂರು ಭಾನುವಾರ, ಬಾಲು ಡ್ರೈವ್ ಮಾಡಿದ. ಲೈಫ್‌ಗಾರ್ಡುಗಳ ಕುರ್ಚಿ ಇದ್ದ ಜಾಗದಿಂದ ನೀರಿನತನಕ ಸಾಲು ಹಿಡಿದು ನಡೆದಳು. ರಿಂಗ್, ಮೊಳೆ, ಯಾರದೋ ಕೀಲಿಕೈ. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಮೂರನೆಯ ಭಾನುವಾರ ಮಷಿನ್ ಭರಣಿಗೆ ಕೂಗಿದ ಹಾಗೆ ಕೂಗಿತು. ಮೊಣಕಾಲೂರಿ ಗೇಣುದ್ದ ಅಗೆದಳು.

ಕರಡಿಗೆ. ಕಪ್ಪಾಗಿತ್ತು. ಯಾರೋ ತುಳಿದು ಮುಚ್ಚಳ ಬಾಗಿತ್ತು. ಒಳಗೆ ಮರಳು. ಲಿಂಗ ಇರಲಿಲ್ಲ.

"ಸಿಕ್ತಲ್ಲ ಆಂಟಿ," ಎಂದ ಬಾಲು.

"ಡಬ್ಬಿ ಸಿಕ್ತು. ಇನ್ನು ಲಿಂಗ ಹುಡುಕು. ಇಲ್ಲೇ ಇರ್ತೈತಿ, ಆಡ್ಸು ಮಷಿನ್."

"ಅದೂ ಬೆಳ್ಳೀದಾ?"

"ಕಲ್ಲಿಂದು."

"ಕಲ್ಲು ಇದಕ್ಕೆ ಕೇಳಿಸಲ್ಲ ಆಂಟಿ. ಒಳಗೆ ಕಲ್ಲಿದೆ ಅಂತ ನೀವು ಹೇಳ್ಲೇ ಇಲ್ಲ."

"ನೀ ಕೇಳ್ಲಿಲ್ಲ."

ಅವಳ ಊರಲ್ಲಿ ಕರಡಿಗೆ ಅಂದರೆ ಲಿಂಗ ಎಂದೇ ಅರ್ಥ. ಬೇರೆ ಹೇಳಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಕತ್ತಲಾಗುವತನಕ ಇಬ್ಬರೂ ಬೆರಳಿನಿಂದ ಮರಳು ಸೋಸಿದರು. ಎರಡು ತಿಂಗಳ ಅಲೆ ಆ ಮರಳನ್ನು ಎಷ್ಟು ಸಲ ತಿರುವಿತ್ತೋ.

ಕಾಂಕ್ರೀಟ್ ಹಾಕುವ ದಿನ ಗಿರಿಜಾದೇವಿ ಬಾಲುವಿನ ಜೊತೆ ಸ್ಮಶಾನಕ್ಕೆ ಹೋದಳು. ಸ್ಮಶಾನದವನು ಸಣ್ಣ ಗುಂಡಿ ತೋಡಿ ಸಲಿಕೆ ಹಿಡಿದು ನಿಂತ. ಅವಳು ಕೋಟಿನ ಗುಂಡಿ ಬಿಚ್ಚಿ ಕೊರಳಿಗೆ ಕೈ ಹಾಕಿದಳು. ಅವರಲ್ಲಿ ಹೆಂಗಸರಿಗೂ ಲಿಂಗ ಕಟ್ಟುತ್ತಾರೆ. ಅವಳಿಗೆ ತೊಟ್ಟಿಲಲ್ಲೇ ಕಟ್ಟಿದ್ದು, ಎರಡು ಹೆರಿಗೆಯಲ್ಲೂ ಮೈಯಿಂದ ಇಳಿದಿರಲಿಲ್ಲ. ತೆಗೆದು ಗಂಡನ ಬಾಗಿದ ಕರಡಿಗೆಯಲ್ಲಿಟ್ಟಳು. ಮುಚ್ಚಳ ಕೂರಲಿಲ್ಲ. ದಾರ ಸುತ್ತಿ ಬಿಗಿದು ಗುಂಡಿಯಲ್ಲಿಟ್ಟಳು.

"ಆಂಟಿ, ಹೀಗೆ ಮಾಡಬಹುದಾ?" ಎಂದ ಬಾಲು.

"ಹಂಗ ಮಾಡಾಕ ಬರಂಗಿಲ್ಲ," ಎಂದಳು. "ಮುಚ್ಚಂತ ಹೇಳು."

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತಳು. ಎಡಗೈ ಚಾಚಿದಳು. ಅದರ ಮೇಲೆ ಇಟ್ಟುಕೊಳ್ಳುವುದಕ್ಕೆ ಏನೂ ಇರಲಿಲ್ಲ. ಪೂಜೆಯಾಗದೆ ಅವಳು ಒಂದು ದಿನವೂ ಉಂಡವಳಲ್ಲ. ಮಧ್ಯಾಹ್ನದತನಕ ಹಾಗೇ ಕೂತಿದ್ದಳು. ಆಮೇಲೆ ಎದ್ದು ರೊಟ್ಟಿ ತಿಂದಳು.