ಹುಳ ಮೇಯುವ ಸದ್ದು

ಮದುವೆಯಾಗಿ ಹನ್ನೊಂದು ದಿನ, ಅದೂ ಈ ವಯಸ್ಸಿನಲ್ಲಿ! ಇಂದು ಇವರ ಹಿತ್ತಿಲಲ್ಲಿ ಹಿಪ್ಪುನೇರಳೆ ಗಿಡ ಕಂಡು ಕುಣಿದಾಡಿದೆ. ಆಮೇಲೆ ಕೆಲಮಂಗಲದ ತಾತ ನೆನಪಾದರು.

ಚಿಕ್ಕವಳಿದ್ದಾಗ ರಜೆಗೆ ಹೋದರೆ ರೇಷ್ಮೆಹುಳದ ಮನೆಯಲ್ಲಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಬಾಯ್ಮುಚ್ಕೊಂಡು ಕೇಳಮ್ಮಿ, ನಿಮ್ ಇಂಗ್ಲಿಷ್ ಸ್ಕೂಲಲ್ಲಿ ಇದ್ನ ಹೇಳ್ಕೊಡಲ್ಲ" ಎನ್ನುತ್ತಿದ್ದರು. ಸಾವಿರಾರು ಹುಳ ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು, ಆಹಾ, ತುಂತುರು ಮಳೆಯೇ!

ಒಮ್ಮೆ ತಾತ ಜ್ವರದಿಂದ ಮಲಗಿದ ಎರಡು ದಿನ ನಾನೇ ಮಳೆಯಲ್ಲಿ ನೆನೆದ ಸೊಪ್ಪು ಕಿತ್ತು ಹಾಕಿದೆ. ಒದ್ದೆ ಸೊಪ್ಪು ತಿಂದರೆ ಹುಳಕ್ಕೆ ರೋಗವೆಂದು ಗೊತ್ತಿರಲಿಲ್ಲ. ಹುಳಗಳೆಲ್ಲ ಸತ್ತವು.

"ನಾನೇ ಕೊಂದೆ ತಾತ" ಎಂದು ಅತ್ತುಬಿಟ್ಟೆ.

"ಗೊತ್ತು ಕಣಮ್ಮಿ, ಕೂತ್ಕೋ" ಎಂದರು.

ಎಂದಿನಂತೆ ಕಿವಿಗೊಟ್ಟು ಕೂತೆವು. ಏನೂ ಕೇಳಿಸಲಿಲ್ಲ. ತಾತ ಮತ್ತೆಂದೂ ಹುಳ ಸಾಕಲಿಲ್ಲ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲೂ ಇಲ್ಲ.

ಒಳಗಿನಿಂದ ಇವರು ಕಾಫಿಗೆ ಕರೆಯುತ್ತಿದ್ದಾರೆ. ನಾನಿನ್ನೂ ಗಿಡದ ಪಕ್ಕ ಕಿವಿಗೊಟ್ಟು ಕೂತಿದ್ದೇನೆ.